ವೀರಗಲ್ಲಿನ ಬಳಿ ನಿಂತಿದ್ದ ಗೌರಿ

ದೆವ್ವ, ಗಾಳಿ, ಹರಕೆ, ಪವಾಡಗಳ ವಿಷಯದಲ್ಲಿ ನಾನು ಮೊದಲಿನಿಂದಲೂ ಮೊಂಡ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳಿ ನಿವೃತ್ತನಾದವನು. ಮೂರು ದಾರಿ ಕೂಡುವಲ್ಲಿ ಯಾರೋ ಇಟ್ಟುಹೋದ ನಿಂಬೆಹಣ್ಣನ್ನು ಮನೆಗೆ ತಂದು ಪಾನಕ ಮಾಡಿ ಕುಡಿದವನು. ಹಾಗಾಗಿ ಮುಂದೆ ಹೇಳುವುದನ್ನು ಬೇರೆಯವರು ಹೇಳಿದ್ದರೆ ನಾನೇ ನಗುತ್ತಿದ್ದೆ. ನೀವು ನಕ್ಕರೆ ನನಗೇನೂ ಬೇಸರವಿಲ್ಲ.

ನಮ್ಮದು ಹುಣಸೂರಿಗೂ ಪಿರಿಯಾಪಟ್ಟಣಕ್ಕೂ ಹೆಚ್ಚು ದೂರವಲ್ಲದ ಪಟ್ಟಣ. ಹೆಸರು ಬೇಡ, ಹೇಳಿದರೆ ಗೇಟು ನೋಡಲು ಜನ ಬಂದಾರು. ಊರ ನಡುವಿನ ಕೆರೆಯ ಏರಿಯ ಮೇಲೆ ಈಗ ಕಲ್ಲುಹಾಸು, ಬೆಂಚು, ದೀಪ ಎಲ್ಲ ಆಗಿ, ಅದು ಸಕ್ಕರೆ ಕಾಯಿಲೆಯವರ ತೀರ್ಥಕ್ಷೇತ್ರವಾಗಿದೆ. ಒಂದು ಮಗ್ಗುಲಿಗೆ ನೀರು, ಇನ್ನೊಂದು ಮಗ್ಗುಲಿಗೆ ಆಳೆತ್ತರದ ತಂತಿಬೇಲಿ. ಎರಡು ತುದಿಯಲ್ಲೂ ದನ ನುಗ್ಗದಂತೆ ಅಂಕುಡೊಂಕಿನ ಕಬ್ಬಿಣದ ಗೇಟು. ಒಬ್ಬೊಬ್ಬರೇ ಮೈ ತಿರುಗಿಸಿ ನುಸುಳಬೇಕು. ನನ್ನ ಹೊಟ್ಟೆಗೆ ಅದು ನಿತ್ಯದ ಅವಮಾನ. ನಮ್ಮ ಬೀದಿಯ ಕಡೆಯ ತುದಿಯಲ್ಲಿ ಮಾತ್ರ ಟ್ರ್ಯಾಕ್ಟರ್ ಬರಲೆಂದು ಪಕ್ಕದಲ್ಲೊಂದು ದೊಡ್ಡ ಗೇಟು, ಅದಕ್ಕೆ ಬೀಗ.

ದಾರಿಯ ನಡುವೆ ಒಂದು ವೀರಗಲ್ಲಿದೆ. ದನ ಕದ್ದೊಯ್ದವರ ಬೆನ್ನುಹತ್ತಿ, ಬಿಡಿಸಿ ತಂದು, ತಾನು ಸತ್ತ ಯಾರೋ ಒಬ್ಬನ ನೆನಪು. ಕೆಳಗೆ ಹಸುಗಳ ಸಾಲು, ಮೇಲೆ ಕತ್ತಿ ಹಿಡಿದ ಅವನು. ಮೂಗು ಪೂರ್ತಿ ಸವೆದಿದೆ. ಊರವರಿಗೆ ಅವನು ಈರಪ್ಪ. ದನ ಕಳೆದರೆ ಅದರ ಕೊರಳ ಹಗ್ಗವನ್ನು ಆ ಕಲ್ಲಿಗೆ ಕಟ್ಟಿ ಬರುವುದು ಇಲ್ಲಿಯ ಪದ್ಧತಿ. ಪೊಲೀಸ್ ಕಂಪ್ಲೇಂಟು ಇದ್ದ ಹಾಗೆ, ಆದರೆ ಅಲ್ಲಿ ಕಾಯಿಸುವುದಿಲ್ಲ.

ಕೆಲವು ವರ್ಷಗಳ ಹಿಂದೆ ಎದುರುಮನೆಯ ಮಾದೇವಮ್ಮನ ಹಸು ಗೌರಿ, ಮೇಯಲು ಹೋದದ್ದು ಹಿಂತಿರುಗಲಿಲ್ಲ. ತುಂಬು ಗಬ್ಬ, ಇವತ್ತೋ ನಾಳೆಯೋ ಎನ್ನುವಂತಿತ್ತು. ಗಂಡನಿಲ್ಲದ ಆಕೆಯ ಮನೆ ನಡೆಯುತ್ತಿದ್ದುದೇ ಆ ಒಂದು ಹಸುವಿನ ಹಾಲಿನಿಂದ. ಹೊಗೆಸೊಪ್ಪಿನ ಹೊಲಗಳಲ್ಲಿ ಚಿರತೆಯ ಹೆಜ್ಜೆ ಬೇರೆ ಕಂಡಿದ್ದವು. ಹುಡುಕಿ ಹುಡುಕಿ ಕಾಲು ಉಳುಕಿಸಿಕೊಂಡು ಕೂತಿದ್ದ ಆಕೆ, ಸಂಜೆ ವಾಕಿಂಗಿಗೆ ಹೊರಟ ನನ್ನ ಕೈಗೆ ಹಗ್ಗ ಇಟ್ಟಳು.

“ಮೇಷ್ಟ್ರೇ, ನೀವೆಂಗೂ ಆ ಕಡೀಕೇ ಓಯ್ತೀರಿ. ಈರಪ್ಪಂಗೆ ಕಟ್ಬುಟ್ಟು ಬನ್ನಿ. ನಂಬ್ದೇ ಓದ್ರೂ ಪರವಾಗಿಲ್ಲ ಕಣ್ರೀ, ಗಂಟು ಗಟ್ಟಿಯಾಗಿ ಆಕಿ.”

ಜೊತೆಗಿದ್ದವನು ದಿನಸಿ ಅಂಗಡಿಯ ಪುಟ್ಟಸ್ವಾಮಿ, ನನ್ನ ಬಾಲ್ಯದ ಗೆಳೆಯ. ದಾರಿಯುದ್ದಕ್ಕೂ ಕಿಚಾಯಿಸಿದ. “ಏನ್ಲಾ ವಿಜ್ಞಾನಿ, ಮಂತ್ರನೂ ಏಳ್ತೀಯೋ, ಬರೀ ಗಂಟೋ?” ನನಗೆ ಬರುವುದು ಒಂದೇ ಗಂಟು, ಪೈಜಾಮದ ಲಾಡಿಯದು. ಅದನ್ನೇ ಭಕ್ತಿಪೂರ್ವಕವಾಗಿ ಹಾಕಿ, ಎರಡೂ ಕುಣಿಕೆ ಸಮ ಇವೆಯೇ ಎಂದು ನೋಡಿ, ಮುಂದೆ ನಡೆದೆ.

ಏರಿಯ ಆ ತುದಿ ಮುಟ್ಟಿ ತಿರುಗುವಷ್ಟರಲ್ಲಿ ಮಬ್ಬುಗತ್ತಲು. ಎಂದಿನಂತೆ ಕರೆಂಟು ಹೋಯಿತು. ಆಗ ಹಿಂದಿನಿಂದ ಗೊರಸಿನ ಸದ್ದು ಕೇಳಿತು. ಒಂದು ಹಸುವಿನದಲ್ಲ, ಇಡೀ ಮಂದೆಯದು. ಜೊತೆಗೆ ದನ ಅಟ್ಟುವವನು ನಾಲಿಗೆ ಲೊಚಗುಟ್ಟುವ ಸದ್ದು. ನಾವಿಬ್ಬರೂ ಯೋಚಿಸದೆ ಪಕ್ಕಕ್ಕೆ ಸರಿದು ದಾರಿ ಬಿಟ್ಟೆವು. ದನಗಳ ನಡುವೆ ಬೆಳೆದ ಮೈಗೆ ಅದನ್ನು ಹೇಳಿಕೊಡಬೇಕಿಲ್ಲ. ನನ್ನ ಮುಂಗೈಗೆ ಬಿಸಿಯುಸಿರು ತಾಗಿತು. ಸಗಣಿಯ ವಾಸನೆ, ಮೂಗಿಗೆ ಧೂಳು. ಕಲ್ಲುಹಾಸಿನ ಮೇಲೆ ಧೂಳೆಲ್ಲಿಂದ ಸ್ವಾಮಿ? ಸದ್ದು ನಮ್ಮನ್ನು ದಾಟಿ ಮುಂದೆ ಹೋಯಿತು. ಕಣ್ಣಿಗೆ ಒಂದು ಬಾಲವೂ ಬೀಳಲಿಲ್ಲ.

ಪುಟ್ಟಸ್ವಾಮಿ ನನ್ನ ತೋಳನ್ನು ಬಿಗಿಯಾಗಿ ಹಿಡಿದಿದ್ದ. “ನಿಂಗೂ ಕೇಳುಸ್ತಾ?”

“ಕೇಳುಸ್ತು.”

“ಅಂಗಾದ್ರೆ ಓಡ್ಲಾ!”

ದುರದೃಷ್ಟಕ್ಕೆ ನಮ್ಮ ಮನೆಗಳೂ ಆ ಸದ್ದು ಹೋದ ಕಡೆಗೇ ಇದ್ದವು. ಓಡಿದೆವು. ಸಕ್ಕರೆ ಕಾಯಿಲೆಯವರು ಅಷ್ಟು ಜೋರಾಗಿ ಓಡಿದ್ದು ಆ ಏರಿಯ ಇತಿಹಾಸದಲ್ಲೇ ಇರಲಾರದು. ವೀರಗಲ್ಲಿನ ಹತ್ತಿರ ಬರುವುದಕ್ಕೂ ಕರೆಂಟು ಬರುವುದಕ್ಕೂ ಸರಿಹೋಯಿತು. ಗೌರಿ ನಿಂತು ಮೆಲುಕು ಹಾಕುತ್ತಿತ್ತು! ಕಲ್ಲಿನ ಮೇಲೆ ಹಗ್ಗವಿರಲಿಲ್ಲ. ಹಸುವಿನ ಕೊರಳಲ್ಲಿತ್ತು. ಲಾಡಿ ಗಂಟು, ಎರಡೂ ಕುಣಿಕೆ ಸಮ.

ಯಾರೋ ಪುಣ್ಯಾತ್ಮರು ಹಿಡಿದು ತಂದಿರಬೇಕು, ಆ ಗಂಟು ಊರಿಗೆಲ್ಲ ಬರುತ್ತದೆ ಎಂದು ಏದುಸಿರಿನಲ್ಲೇ ಪುಟ್ಟಸ್ವಾಮಿಗೆ ವೈಜ್ಞಾನಿಕವಾಗಿ ವಿವರಿಸಿದೆ. ಖುಷಿಯಿಂದ ಹಸುವನ್ನು ಹೊಡೆದುಕೊಂಡು ತುದಿಗೆ ಬಂದೆವು. ಅಲ್ಲಿ ನನ್ನ ವಿವರಣೆ ಗೇಟಿಗೆ ಸಿಕ್ಕಿಕೊಂಡಿತು. ಗೌರಿಯ ತಲೆ ತೂರಿತು. ಆ ಹೊಟ್ಟೆ ತೂರುವ ಮಾತೇ ಇಲ್ಲ. ದೊಡ್ಡ ಗೇಟಿನ ಬೀಗ ತುಕ್ಕು ಹಿಡಿದು ಹೋಗಿತ್ತು. ನಮ್ಮ ಕೂಗಿಗೆ ಕೆರೆಯ ಕಾವಲುಗಾರ ಬಂದು ಕೀಲಿಯ ಜೊತೆ ಗುದ್ದಾಡಿ, ಕೊನೆಗೆ ಸುತ್ತಿಗೆಯಿಂದಲೇ ಒಡೆದ. ಮರುದಿನ ತಂತಿಬೇಲಿಯನ್ನು ಉದ್ದಕ್ಕೂ ಮುಟ್ಟಿ ನೋಡಿದೆ, ಎಲ್ಲೂ ಹರಿದಿರಲಿಲ್ಲ. ಕೆರೆ ಈಜಿ ಬಂತೆನ್ನೋಣವೆಂದರೆ ಅದರ ಮೈ ಒಣಗಿತ್ತು, ಮೊಣಕಾಲವರೆಗೂ ಕೆಂಧೂಳು.

ಆ ರಾತ್ರಿಯೇ ಗೌರಿ ಕರು ಹಾಕಿತು. ನಾನು ಗೇಟು, ಬೀಗ, ಗೊರಸು ಎಂದು ಕೈ ಬೀಸಿ ಬೀಸಿ ವರದಿ ಒಪ್ಪಿಸಿದರೆ, ಕರುವಿನ ಮೈಯನ್ನು ಹುಲ್ಲಿನಿಂದ ಉಜ್ಜುತ್ತಿದ್ದ ಮಾದೇವಮ್ಮ ತಲೆಯನ್ನೂ ಎತ್ತಲಿಲ್ಲ.

“ಅವ್ನ ಕೆಲ್ಸ ಅವ್ನು ಮಾಡವ್ನೆ. ನೀವ್ಯಾಕೆ ಮೇಷ್ಟ್ರೇ ಇಂಗೆ ಬೆವರ್ತೀರಿ?”

ಆಮೇಲೆ ಎಷ್ಟೋ ಸಂಜೆ ಆ ಗೇಟಿನ ಮುಂದೆ ನಿಂತು ಯೋಚಿಸಿದ್ದೇನೆ. ಈಗಲೂ ನಾವಿಬ್ಬರೂ ದಿನಾ ನಡೆಯುತ್ತೇವೆ. ಕರೆಂಟು ಹೋದರೆ ಸಾಕು, ಮಾತು ನಿಲ್ಲಿಸಿ ಪಕ್ಕಕ್ಕೆ ಸರಿದು ನಿಲ್ಲುತ್ತೇವೆ. ಏನೂ ಬರುವುದಿಲ್ಲ. ದೀಪ ಹತ್ತಿದ ಮೇಲೆ ಒಬ್ಬರ ಮುಖ ಒಬ್ಬರು ನೋಡದೆ, ಸಕ್ಕರೆ ಎಷ್ಟಿದೆ ಎಂದು ವಿಚಾರಿಸಿಕೊಳ್ಳುತ್ತಾ ಮುಂದೆ ಹೋಗುತ್ತೇವೆ.