ಡಿಶ್‌ಗೆ ಹಾಕಿದ ಹಾರ

ನಾನು ಟೀವಿ ಪ್ರಸಾರದ ಇಂಜಿನಿಯರ್ ಆಗಿ ಇಷ್ಟು ವರ್ಷವಾದರೂ ಅಜ್ಜಂಪುರದಲ್ಲಿರುವ ನಮ್ಮವ್ವನ ತಕರಾರು ಒಂದೇ. "ಟೀವಿ ಕೆಲ್ಸ ಅಂತೀಯ, ಒಂದಿನಾದ್ರೂ ಟೀವೀಲಿ ಕಾಣ್ಸಿದ್ದೀಯೇನೇ?" ಚಿತ್ರ ಕಳಿಸುವವರು ಕಾಣಿಸುವುದಿಲ್ಲ ಎಂದರೆ, "ಮತ್ತೆ ಯಾತಕ್ಕೆ ಅಷ್ಟು ಓದಿದ್ದು?" ಎನ್ನುವಳು.

ಹೀಗಿರುವಾಗ ಕಡೂರಿನ ಕಬಡ್ಡಿ ಫೈನಲ್‌ನ ನೇರಪ್ರಸಾರ ನನ್ನ ಪಾಲಿಗೆ ಬಂತು. ಮೊದಲ ಸಲ ಪೂರ್ತಿ ಹೊಣೆ ನನ್ನದು. ಸುಸೂತ್ರ ನಡೆದರೆ ಮುಂದಿನವೂ ನನಗೇ. ಕೆಟ್ಟರೆ ಮತ್ತೆ ಇನ್ನೊಬ್ಬರ ಕೈಕೆಳಗೆ ಕೇಬಲ್ ಸುತ್ತುವುದು.

ಬೆಳಿಗ್ಗೆಯೇ ಮೈದಾನದ ಅಂಚಿನಲ್ಲಿ ಡಿಶ್ ನಿಲ್ಲಿಸಿ, ಉಪಗ್ರಹಕ್ಕೆ ಗುರಿಯಿಟ್ಟು ನೋಡಿದ್ದೆ. ಸಿಗ್ನಲ್ ಚೆನ್ನಾಗಿಯೇ ಹೋಗುತ್ತಿತ್ತು. ಮಧ್ಯಾಹ್ನ ಕ್ಯಾಮೆರಾಗಳ ಕೆಲಸ ಮುಗಿಸಿ ವ್ಯಾನಿಗೆ ಬಂದು ಮತ್ತೆ ಹಾಕಿ ನೋಡುತ್ತೇನೆ, ಅರ್ಧಕ್ಕರ್ಧ ಇಳಿದುಹೋಗಿದೆ! ಪಂದ್ಯಕ್ಕೆ ಇನ್ನು ಕಾಲು ಗಂಟೆ. ಕೇಬಲ್ಲುಗಳನ್ನೆಲ್ಲ ತಡಕಿದೆ, ಸಿಕ್ಕವರನ್ನೆಲ್ಲ ಗದರಿದೆ. ಕೋಪ ಬಂದರೆ ನನ್ನ ಬಾಯಿಗೆ ಬೇಲಿಯಿಲ್ಲ. ಕೊನೆಗೆ ಡಿಶ್ ಹತ್ತಿರ ಓಡಿದರೆ, ಅಲ್ಲಿ ಅವ್ವ ಕೈಮುಗಿದು ನಿಂತಿದ್ದಾಳೆ! ನಾನು ಫೋನಿನಲ್ಲಿ ಹೇಳಿದ್ದನ್ನು ಕೇಳಿ ಬಸ್ಸು ಹತ್ತಿ ಬಂದಿದ್ದಳಂತೆ. ಡಿಶ್‌ಗೆ ಮೂರು ಬೆರಳಿನ ವಿಭೂತಿ. ಅದರೆದುರು ಚಾಚಿಕೊಂಡ ಕೊಳವೆಗೆ ನೀರು ತೊಟ್ಟಿಕ್ಕುವ ದಪ್ಪ ಸೇವಂತಿಗೆ ಹಾರ. ಸಿಗ್ನಲ್ ಹೊರಡುವ ಬಾಯೇ ಅದು.

"ವಿಭೂತಿ ಇರ್ಲಿ ಕಣವ್ವ, ಹಾರ ತೆಗಿ."

"ಪೂಜೆ ಮಾಡಿದ ಹಾರಕ್ಕೆ ಕೈ ಹಾಕ್ತೀಯಾ? ಮೊದ್ಲನೇ ಕೆಲ್ಸ ಕಣೇ, ಕೆಟ್ಟುಹೋಗ್ತದೆ!" ಅವಳ ಕಣ್ಣಲ್ಲಿ ನೀರೇ ಬಂತು. ಪಾಪ, ಅವಳಿಗೂ ನನ್ನ ಕೆಲಸದ್ದೇ ಚಿಂತೆ.

ನಮ್ಮ ಕಡೆ ದೇವರ ಬಲಗಡೆಯಿಂದ ಹೂ ಬಿದ್ದರೆ ಕೆಲಸ ಆಯಿತೆಂದೇ ಲೆಕ್ಕ. "ಹಂಗಾದ್ರೆ ಅಪ್ಪಣೆ ಕೇಳವ್ವ" ಎಂದೆ. ಅವಳು ಕಣ್ಣು ಮುಚ್ಚಿದಳು. ನಾನು ಸಿಗ್ನಲ್ ಕಳಿಸುವುದನ್ನು ನಿಲ್ಲಿಸಲು ವ್ಯಾನಿನವರಿಗೆ ಹೇಳಿ, ಡಿಶ್ ಹಿಂದೆ ನಿಂತು, ಅದನ್ನು ಹೊರಳಿಸುವ ತಿರುಪನ್ನು ಆಚೀಚೆ ತಿರುಗಿಸಿದೆ. ಬಲ ಯಾವುದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಹಾರ ಜಾರಿ ದೊಪ್ಪನೆ ಬಿತ್ತು.

"ಬಲಗಡೆ ಕೊಟ್ಟ ಕಣೇ!" ಅವ್ವ ಹಾರವನ್ನು ಎತ್ತಿ ಕಣ್ಣಿಗೊತ್ತಿಕೊಂಡಳು. ನಾನು ಗುರಿಯನ್ನು ಮತ್ತೆ ಕೂಡಿಸಿ, ಕಳಿಸಲು ಹೇಳಿದೆ. ಸಿಗ್ನಲ್ ಜಿಗಿದು ಮೇಲೆದ್ದಿತು. ಸಂತೋಷಕ್ಕೆ, ಗದರಿಸಿಕೊಂಡವರನ್ನೆಲ್ಲ ತಬ್ಬಿಕೊಳ್ಳುವಂತಾಯಿತು.

ಪಂದ್ಯ ಶುರುವಾಯಿತು. ಅವ್ವ ವ್ಯಾನಿನಲ್ಲಿ ನನ್ನ ಪಕ್ಕವೇ ಕೂತಿದ್ದಳು. ತರೀಕೆರೆಯಿಂದ ಚಿಕ್ಕಮ್ಮನ ಫೋನ್ ಬಂತು. ಆಕೆಯ ದನಿ ಎಷ್ಟು ದೊಡ್ಡದೆಂದರೆ ನನಗೂ ಕೇಳಿಸಿತು.

"ಅಕ್ಕಾ, ಟೀವಿ ಮುಂದೇನೇ ಕೂತಿದ್ದೀವಿ. ನಿನ್ ಮಗಳು ಎಲ್ಲೂ ಕಾಣ್ತಿಲ್ವಲ್ಲೇ?"

ಅವ್ವ ನನ್ನತ್ತ ನೋಡಿದಳು. "ಆಟ ಕಾಣ್ತೈತೋ ಇಲ್ವೋ?"

"ಹೂಂ, ಚೆನ್ನಾಗಿ ಕಾಣ್ತೈತೆ."

"ಅದೇ ಕಣೇ ನನ್ ಮಗಳು!"