ಲಕ್ಕೂರಮ್ಮನ ತವರು

ಗ್ರಾಮಲೆಕ್ಕಿಗನಾಗಿ ಊರವರ ವಂಶವೃಕ್ಷಗಳಿಗೆಲ್ಲ ಸಹಿ ಹಾಕಿ ನಿವೃತ್ತನಾದವನು ನಾನು. ಹಾಗಾಗಿ ಅಪ್ಪನ ಕಡೆಯ ಮುತ್ತಜ್ಜಿಯ ತವರುಮನೆ ಹುಡುಕು ಎಂದು ಅಮ್ಮ ಹೇಳಿದಾಗ, ಅದೇನು ಮಹಾ ಎಂದುಕೊಂಡೆ. ಹತ್ತೊಂಬತ್ತನೇ ಶತಮಾನದಲ್ಲಿ ಹುಟ್ಟಿ, ಸುಗಟೂರಿನ ನಮ್ಮ ಮನೆಗೆ ಸೊಸೆಯಾಗಿ ಬಂದು, ಆರು ಮಕ್ಕಳನ್ನು ಹೆತ್ತ ಹೆಂಗಸು. ಅವಳ ಹೆಸರು ಯಾರಿಗೂ ಗೊತ್ತಿಲ್ಲ. ನಮ್ಮಲ್ಲಿ ಸೊಸೆಯನ್ನು ತವರೂರಿನ ಮೇಲೆಯೇ ಕರೆಯುವುದು. ಅವಳನ್ನು ಎಲ್ಲರೂ ಲಕ್ಕೂರಮ್ಮ ಎನ್ನುತ್ತಿದ್ದರಂತೆ.

ಅಮ್ಮನಿಗೆ ಎಂಬತ್ತೆರಡು. ಅವಳೂ ಈ ಮನೆಗೆ ಸೊಸೆಯಾಗಿ ಬಂದವಳೇ. ಹಿರಿಯರ ಹಬ್ಬದಲ್ಲಿ ಸತ್ತವರಿಗೆ ಎಡೆ ಇಡುವಾಗ ಉಳಿದ ಮುದುಕಿಯರಿಗೆಲ್ಲ ಒಮ್ಮೆಯಾದರೂ ತವರಿನ ಸೀರೆ ಬಂದಿದೆ, ಇವಳೊಬ್ಬಳಿಗೆ ಬಂದಿಲ್ಲ ಎಂಬುದು ಅವಳ ಕೊರಗು.

"ನಾನು ಕಣ್ಣು ಮುಚ್ಚೋದ್ರೊಳಗೆ ಅವಳಿಗೊಂದು ಸೀರೆ ತರ್ಸೋ," ಎಂದಳು.

ಮೂರು ಸಲ ಲಕ್ಕೂರಿಗೆ ಹೋದೆ. ಸಿಕ್ಕಸಿಕ್ಕ ಮನೆಗಳಲ್ಲೆಲ್ಲ ಕಾಫಿ ಕುಡಿದು ಕೊನೆಗೂ ಸುಗಟೂರಿನ ನಮ್ಮ ಮನೆಗೆ ಹೆಣ್ಣು ಕೊಟ್ಟಿದ್ದ ಮನೆ ಪತ್ತೆಹಚ್ಚಿದೆ. ಉಬ್ಬಿಹೋದೆ. ಅವರ ಹಿರಿಯರನ್ನೆಲ್ಲ ಸೇರಿಸಿ ಬರೆದ ವಂಶವೃಕ್ಷವನ್ನು ಜಗಲಿಯ ಮೇಲೆ ಹಾಸಿ, ಆ ಮನೆಯ ಅಜ್ಜಿಗೆ ಗಟ್ಟಿಯಾಗಿ ಓದಿ ಹೇಳಿದೆ. ಆರು ಮಕ್ಕಳು ಎಂದಾಗ ಅಜ್ಜಿ ಕೈಯೆತ್ತಿ ತಡೆದರು.

"ಅಯ್ಯೋ ನಾಯನಾ, ನಮ್ಮೋಳಿಗೆ ಮಕ್ಕಳೆಲ್ಲಿ? ಮದ್ವೆಯಾದ ವರ್ಷಕ್ಕೇ ಜ್ವರ ಬಂದು ಹೋಗ್ಬಿಟ್ಲು. ಅವಳಿಗೆ ಈಗ್ಲೂ ನಾವೇ ಎಡೆ ಇಡ್ತೀವಿ. ನಿಮ್ಮಜ್ಜಿ ಆಮೇಲೆ ಎರಡನೇ ಸಂಬಂಧವಾಗಿ ಬಂದೋಳು. ಸತ್ತ ಸವತಿ ಕಾಡಬಾರ್ದು ಅಂತ ಅವಳ್ನೂ ಲಕ್ಕೂರಮ್ಮ ಅಂತಲೇ ಕರೆದ್ರಂತೆ."

"ಅವಳ ಊರು ಯಾವುದಮ್ಮಾ?"

"ಅದು ನಮಗೇನು ಗೊತ್ತು?"

ನನಗೆ ಯಾವ ಸಂಬಂಧವೂ ಇಲ್ಲದ ಹೆಂಗಸಿನ ನಾಲ್ಕು ತಲೆಮಾರನ್ನು ಇಷ್ಟು ಅಚ್ಚುಕಟ್ಟಾಗಿ ಹುಡುಕಿದ ಲೆಕ್ಕಿಗ ಜಿಲ್ಲೆಯಲ್ಲಿ ಇನ್ನೊಬ್ಬನಿರಲಾರ. ಬೇರೆ ಯಾರಾದರೂ ಇಂಥ ಅರ್ಜಿ ತಂದಿದ್ದರೆ ಬೈದು ಕಳಿಸುತ್ತಿದ್ದೆ. ಪಾಪ, ಆ ಮನೆಯವರು ಒಳ್ಳೆಯವರು, ಬಂದದ್ದಕ್ಕೆ ಸೀರೆ ಕೊಡುತ್ತೇವೆ ಎಂದರು. ಮುತ್ತಜ್ಜಿಗೆ ಮತ್ತೆ ಸವತಿಯ ಪಾಲಿನದನ್ನೇ ಒಯ್ಯಲು ಮನಸ್ಸಾಗದೆ ಬೇಡವೆಂದು ಬಂದೆ.

ಅಮ್ಮನಿಗೆ ನಡೆದದ್ದನ್ನೆಲ್ಲ ಹೇಳಿದೆ. ನನಗೆ ಬೇಸರಕ್ಕಿಂತ ನಾಚಿಕೆಯೇ ಹೆಚ್ಚಾಯಿತು. ಆರು ಮಕ್ಕಳಲ್ಲಿ ಒಬ್ಬರೂ ಅವಳನ್ನು, ನಿನ್ನ ಊರು ಯಾವುದಮ್ಮಾ ಎಂದು ಕೇಳಿರಲಿಲ್ಲ.

ಹಬ್ಬದ ದಿನ ಅಮ್ಮ ತಾನೇ ತರಿಸಿದ ಹಸಿರು ಸೀರೆಯನ್ನು ಎಡೆಯ ಮುಂದಿಟ್ಟಳು. ಎಡೆಗೆ ಕರೆಯುವಾಗ ಹೆಸರು ಹಿಡಿದು ಕರೆಯಬೇಕು. ಲಕ್ಕೂರಮ್ಮ ಎನ್ನಲು ಬಾಯಿ ತೆರೆದವಳು ನಿಲ್ಲಿಸಿದಳು. ಆಮೇಲೆ, ಹೆತ್ತ ಮಗಳು ಬಾಗಿಲಲ್ಲಿ ನಿಂತಿದ್ದಾಳೇನೋ ಎಂಬಂತೆ ಆ ಕಡೆ ತಿರುಗಿ, "ಬಾ ಮಗಳೇ, ಉಣ್ಣು ಬಾ," ಎಂದಳು.