ಅವ್ವ ಒಲೆ ಊದಿದ್ದು

ನಮ್ಮವ್ವ ಚಳ್ಳಕೆರೆಯ ಎಣ್ಣೆ ಮಿಲ್ಲೊಂದರಲ್ಲಿ ವರ್ಷಾನುಗಟ್ಟಲೆ ಶೇಂಗಾ ಕೇರಿದವಳು. ಮನೆಗೆ ಬಂದರೆ ಸೌದೆ ಒಲೆ. ಅವಳ ಕೆಮ್ಮಿಗೆ ನಾವು ಧೂಳು ಅಂದೆವು, ಏದುಸಿರಿಗೆ ವಯಸ್ಸು ಅಂದೆವು. ಬಸ್ ಸ್ಟ್ಯಾಂಡಿನ ದಾರಿಯಲ್ಲಿ ಅವಳು ಮೂರು ಕಡೆ ನಿಲ್ಲತೊಡಗಿದಾಗ, ಯಾರನ್ನೋ ಮಾತಾಡಿಸಲು ನಿಂತಿದ್ದಾಳೆ ಎಂದುಕೊಂಡೆ.

ಹೋದ ವರ್ಷ ಕೊನೆಗೂ ಡಾಕ್ಟರ ಬಳಿ ಕರೆದೊಯ್ದೆ. ಅವರು ಒಂದು ಕೊಳವೆಯೊಳಗೆ ಜೋರಾಗಿ ಊದಿಸಿ ನೋಡಿದರು.

"ಬೀಡಿ ಸೇದ್ತಿದ್ರೇನವ್ವ?"

ಅವ್ವನಿಗೆ ಸಿಟ್ಟು ಬಂತು. "ನಾನ್ಯಾಕೆ ಸೇದ್ಲಿ? ಒಲೆ ಊದೀನಿ, ಅಷ್ಟೇ."

"ಆ ಹೊಗೇನೇ ಹಿಂಗೆ ಮಾಡೈತೆ," ಎಂದು ಡಾಕ್ಟರು ನನ್ನ ಕಡೆ ತಿರುಗಿದರು. ಆಸ್ತಮಾ ಆಗಿದ್ದರೆ ಔಷಧಿಗೆ ಉಸಿರಿನ ದಾರಿ ಬಹುಮಟ್ಟಿಗೆ ತೆರೆದುಕೊಳ್ಳುತ್ತಿತ್ತು. ಇದು ಹಾಗಲ್ಲ, ಹಾಳಾದ ಶ್ವಾಸಕೋಶ ಮೊದಲಿನಂತಾಗುವುದಿಲ್ಲ, ಇನ್ನಷ್ಟು ಕೆಡುವುದನ್ನು ನಿಧಾನ ಮಾಡಬಹುದು ಎಂದರು.

ಈಗ ದಿನಾ ಎರಡು ಹೊತ್ತು ಅವಳ ಬಾಯಿಗೆ ಇನ್ಹೇಲರ್ ನಾನೇ ಹಿಡಿಯುತ್ತೇನೆ. ಉಸಿರು ಪೂರ್ತಿ ಬಿಟ್ಟು, ನಾನು ಒತ್ತಿದಾಗ ನಿಧಾನವಾಗಿ ಎಳೆದುಕೊಂಡು, ಹತ್ತು ಎಣಿಸುವವರೆಗೆ ಹಿಡಿದಿಡಬೇಕು. ಅವ್ವನಿಗೆ ನಾಲ್ಕಕ್ಕೇ ಕೆಮ್ಮು ನುಗ್ಗಿ ಬರುತ್ತದೆ. ಮನೆಗೆ ಗ್ಯಾಸ್ ಬಂದಿದೆ, ಮಿಲ್ಲು ಬಿಟ್ಟಾಗಿದೆ. ಆದರೂ ಈ ಚಳಿಯಲ್ಲಿ ನಡುಮನೆಯಿಂದ ಬಚ್ಚಲಿಗೆ ಹೋಗುವುದೇ ಅವಳಿಗೆ ದೊಡ್ಡ ಪ್ರಯಾಣ.

ಮೊನ್ನೆ ಬೆಳಗ್ಗೆ ಕೇಳಿದಳು, "ಇದನ್ನ ತಗೊಂಡ್ರೆ ಮೊದ್ಲಿನಂಗೆ ಆಗ್ತೀನೇನೇ?"

"ಆಗ್ತೀಯವ್ವ," ಎಂದೆ.

ಅವಳು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದಳು. ಆಮೇಲೆ ಉಸಿರು ಪೂರ್ತಿ ಬಿಟ್ಟು ಬಾಯಿ ತೆರೆದಳು.